ಬೇಕೆಂದೇ ತಪ್ಪುವುದಲ್ಲ, ನೆನಪೇ ಉಳಿಯುವುದಿಲ್ಲ: ಕೋರ್ಟ್ ಮೆಟ್ಟಿಲೇರುವ ಮಕ್ಕಳನ್ನು ಕಾಡುವ ಎಫ್‌ಎಎಸ್‌ಡಿ ಎಂದರೇನು?

ನ್ಯೂಜಿಲೆಂಡ್‌ನ ಟೇನಾ ಪೋರಾ 1993ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಂಡಾಗ ವಯಸ್ಸು 17. ನಾಲ್ಕು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡು, ಬಂಧುಗಳ ಮನೆಗಳಲ್ಲಿ ಬೆಳೆದ ಹುಡುಗ. ಪೊಲೀಸರಿಗೆ ಕೊಟ್ಟ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೊಲೆ ನಡೆದ ಮನೆಯನ್ನೂ ಗುರುತಿಸಲಾಗಲಿಲ್ಲ. ಆದರೂ 20 ವರ್ಷ ಜೈಲಿನಲ್ಲಿ ಕಳೆಯಬೇಕಾಯಿತು. 2015ರಲ್ಲಿ ಲಂಡನ್‌ನ ಪ್ರಿವಿ ಕೌನ್ಸಿಲ್ ಶಿಕ್ಷೆ ರದ್ದುಪಡಿಸಿತು. ಪೋರಾಗೆ ಎಫ್‌ಎಎಸ್‌ಡಿ ಇದೆ, ಹಾಗಾಗಿ ಆ ತಪ್ಪೊಪ್ಪಿಗೆಯನ್ನು ನಂಬಲಾಗದು ಎಂಬ ತಜ್ಞರ ಸಾಕ್ಷ್ಯವೇ ಅದಕ್ಕೆ ಆಧಾರ.

ಏನಿದು ಎಫ್‌ಎಎಸ್‌ಡಿ?

ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್. ಗರ್ಭಿಣಿ ಕುಡಿದ ಮದ್ಯ ಭ್ರೂಣದ ರಕ್ತ ಸೇರಿ ಮಿದುಳಿಗೆ ಮಾಡುವ ಶಾಶ್ವತ ಹಾನಿ ಇದು. ಹೆಚ್ಚಿನವರ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಮಾತೂ ಚುರುಕಾಗಿಯೇ ಇರಬಹುದು. ಆದರೆ ನೆನಪು, ಸಮಯದ ಅಂದಾಜು, 'ಹೀಗೆ ಮಾಡಿದರೆ ಮುಂದೇನಾಗುತ್ತದೆ' ಎಂಬ ಲೆಕ್ಕಾಚಾರ ಕೈಕೊಡುತ್ತದೆ. ಪದೇ ಪದೇ ಕೇಳಿದರೆ ಎದುರಿಗಿರುವವರನ್ನು ಮೆಚ್ಚಿಸಲು 'ಹೌದು' ಎಂದುಬಿಡುವುದೂ ಉಂಟು.

ಸಂಜೆ 6ಕ್ಕೆ ಮನೆ ಸೇರಬೇಕು ಎಂಬ ಜಾಮೀನು ಷರತ್ತನ್ನೇ ತೆಗೆದುಕೊಳ್ಳಿ. ಹುಡುಗ ಒಪ್ಪುತ್ತಾನೆ, ಮರೆಯುತ್ತಾನೆ. ಷರತ್ತು ಉಲ್ಲಂಘನೆ ಎಂದು ಮತ್ತೊಂದು ಕೇಸ್! ಎಲ್ಲರ ಕಣ್ಣಿಗೂ ಅವನು ಹಠಮಾರಿ.

ಸಾಕು ಕುಟುಂಬಗಳಲ್ಲಿ ಬೆಳೆಯುವ ಮಕ್ಕಳ ಪಾಡು ಇನ್ನೂ ಕಷ್ಟ. ತಾಯಿ ಬಸುರಿಯಾಗಿದ್ದಾಗ ಕುಡಿಯುತ್ತಿದ್ದರೇ ಎಂಬುದು ರೋಗ ಪತ್ತೆಗೆ ಬಹುಮುಖ್ಯ ಮಾಹಿತಿ. ಮನೆಯಿಂದ ಮನೆಗೆ ಬದಲಾಗುವ ಮಗುವಿನ ಪರವಾಗಿ ಅದನ್ನು ಹೇಳುವವರು ಯಾರು? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ ಹಿಲ್ ಬಾಲಬಂಧನ ಕೇಂದ್ರದ 99 ಮಕ್ಕಳನ್ನು ಪರೀಕ್ಷಿಸಲಾಗಿತ್ತು. 36 ಮಂದಿಗೆ ಎಫ್‌ಎಎಸ್‌ಡಿ ಇತ್ತು. ಮೊದಲೇ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

ನೆರವು ಹೇಗೆ?

ಮದ್ದಿಲ್ಲ. ಆದರೆ ದೊಡ್ಡ ಖರ್ಚಿನ ಉಪಾಯಗಳೇನೂ ಬೇಕಿಲ್ಲ. 'ಅರ್ಥವಾಯಿತಾ?' ಎಂದು ಕೇಳುವ ಬದಲು 'ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು' ಎನ್ನಬಹುದು. ಷರತ್ತುಗಳನ್ನು ಕಡಿಮೆ ಮಾಡಿ, ಚಿತ್ರದಲ್ಲಿ ತೋರಿಸಿ, ಫೋನ್‌ನಲ್ಲಿ ಅಲಾರಂ ಇಟ್ಟುಕೊಡಬಹುದು. ವಿಚಾರಣೆ ವೇಳೆ ಹುಡುಗನನ್ನು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರಬೇಕು. ಸಾಕು ಮನೆ ಬದಲಾದರೂ ಈ ವ್ಯಕ್ತಿ ಬದಲಾಗಬಾರದು. ಸ್ಥಿರವಾದ ಮನೆ ಹಾಗೂ ಬೇಗನೆ ರೋಗ ಪತ್ತೆಯಾದವರು ಕಾನೂನಿನ ತಂಟೆಗೆ ಸಿಲುಕುವುದು ಕಡಿಮೆ ಎಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ 1996ರಲ್ಲೇ ಹೇಳಿತ್ತು.

ಕೆನಡಾದ ವಿನ್ನಿಪೆಗ್‌ನಲ್ಲಿ 2019ರಿಂದ ಇಂಥವರ ಶಿಕ್ಷೆ ನಿರ್ಧರಿಸಲು ಪ್ರತ್ಯೇಕ ಕಲಾಪವೇ ಇದೆ. ಸಣ್ಣ ಕೋಣೆ, ಗದ್ದಲವಿಲ್ಲ, ಸರಳ ಮಾತು. ಅಪರಾಧಕ್ಕೆ ಮಾಫಿಯೇನೂ ಇಲ್ಲ. ಆದರೆ ಅಲ್ಲಿಗೆ ಪ್ರವೇಶ ಸಿಗಲು ವೈದ್ಯರು ಎಫ್‌ಎಎಸ್‌ಡಿ ಎಂದು ದೃಢಪಡಿಸಿರಬೇಕು. ಬ್ಯಾಂಕ್ಸಿಯಾ ಹಿಲ್‌ನ ಆ 36 ಮಕ್ಕಳಲ್ಲಿ 34 ಮಂದಿಯ ಬಳಿ ಪರೀಕ್ಷೆಗೆ ಮೊದಲು ಅದೇ ಇರಲಿಲ್ಲ.