ಹೋಟ್ಲು ಜಗಳ ಧಾರಾವಾಹಿಯಲ್ಲೇ ಇರಲಿ!

ಸಂಜೆ ದೇವರಿಗೆ ದೀಪ ಹಚ್ಚಿ, ಕುಕ್ಕರ್ ಇಟ್ಟು ಟೀವಿ ಮುಂದೆ ಕೂತರೆ ಸಾಕು, ನಮಗೆ ಬೇರೆ ಲೋಕವೇ ಬೇಡ. ಅತ್ತೆ-ಸೊಸೆ ಜಗಳ ನೋಡಿ ನೋಡಿ ಸಾಕಾಗಿದ್ದವರಿಗೆ ಹೋಟ್ಲು, ಮೆಸ್ಸು, ಕೈರುಚಿ ಸುತ್ತ ಹೆಣೆದ ಕಥೆ ಬಂದರೆ ಇನ್ನೂ ಖುಷಿ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯನ್ನು ನಿಮ್ಮಲ್ಲಿ ಎಷ್ಟೋ ಜನ ಒಂದು ದಿನವೂ ತಪ್ಪಿಸಿರಲಿಕ್ಕಿಲ್ಲ. ಗಂಡ ಬಿಟ್ಟು ಹೋದ ಮೇಲೆ ಊರಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕ. 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ಆ ಪಾತ್ರದಲ್ಲಿ ಸೌಟು ಹಿಡಿದು ನಿಂತರೆ ನಮ್ಮ ಪಕ್ಕದ ಮನೆ ಅಕ್ಕನೇ ನಿಂತ ಹಾಗಿರುತ್ತಿತ್ತು, ಅಲ್ವಾ?

ಆ ಕಥೆಯಲ್ಲಿ ಪುಟ್ಟಕ್ಕನಿಗೆ ಕಾಟ ಕೊಡೋಕೆ ಸವತಿ ರಾಜೇಶ್ವರಿ ಇದ್ದಳು, ಬಡ್ಡಿ ಬಂಗಾರಮ್ಮ ಇದ್ದಳು. ಧಾರಾವಾಹಿ ಅಂದ ಮೇಲೆ ಒಬ್ಬರು ಕೆಟ್ಟವರು ಇರಲೇಬೇಕು. ಆದರೆ ನಿಜ ಜೀವನದಲ್ಲಿ ಮನೆಮಂದಿ ಸೇರಿ ನಡೆಸುವ ಹೋಟ್ಲು ಒಡೆಯೋಕೆ ಯಾರೂ ಕೆಟ್ಟವರಾಗಬೇಕಿಲ್ಲ. ಯಾವುದನ್ನೂ ಮಾತಾಡಿಕೊಳ್ಳದೆ, ಬರೆದಿಡದೆ ಬಿಟ್ಟರೆ ಅಷ್ಟೇ ಸಾಕು!

ಬಸ್ ಸ್ಟ್ಯಾಂಡ್ ಪಕ್ಕದ ಹೋಟ್ಲು

ಹುಣಸೂರು ತಾಲ್ಲೂಕಿನ ಹನಗೋಡಿನಂಥ ಒಂದು ಊರನ್ನು ನೆನಪಿಸಿಕೊಳ್ಳಿ. ಹತ್ತಿರದಲ್ಲೇ ಲಕ್ಷ್ಮಣತೀರ್ಥ ಹೊಳೆ, ಆಚೆ ನಾಗರಹೊಳೆ ಕಾಡು, ಸುತ್ತ ಹೊಗೆಸೊಪ್ಪಿನ ಹೊಲಗಳು. ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪಿನ ಹರಾಜು ಶುರುವಾದರೆ ರೈತರ ಕೈಯಲ್ಲಿ ಕಾಸು ಓಡಾಡುತ್ತದೆ, ಹೋಟ್ಲುಗಳಲ್ಲೂ ವ್ಯಾಪಾರ ಏರುತ್ತದೆ. ಇಂಥ ಊರಿನ ಬಸ್ ಸ್ಟ್ಯಾಂಡ್ ಪಕ್ಕ ಒಂದು ಹೋಟ್ಲು ಇದೆ ಅಂತಿಟ್ಟುಕೊಳ್ಳಿ. ಮಾವನವರು ಕಟ್ಟಿದ್ದು. ದೊಡ್ಡ ಮಗ ಗಲ್ಲಾದಲ್ಲಿ, ಚಿಕ್ಕ ಮಗ ಸಾಮಾನು ತರೋಕೆ. ಹಿಂದುಗಡೆ ಒಲೆ ಮುಂದೆ ಇಬ್ಬರು ಸೊಸೆಯರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಟ್ನಿ, ಸಾಗು, ಪಲ್ಯ ಎಲ್ಲ ಅವರ ಕೈಯಲ್ಲೇ. ಗಿರಾಕಿಗಳು ಹೊಗಳೋದು ಆ ಚಟ್ನಿಯನ್ನೇ. ಆದರೆ ಬೋರ್ಡಿನ ಮೇಲೆ, ಬಾಡಿಗೆ ಕರಾರಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ಎಲ್ಲೂ ಆ ಇಬ್ಬರ ಹೆಸರಿಲ್ಲ.

ಮಾವ ಇರೋವರೆಗೂ ಎಲ್ಲ ಸರಿ. ಅವರು ಹೋದ ಮರುವರ್ಷವೇ 'ಗಲ್ಲಾ ಲೆಕ್ಕ ತೋರಿಸಿ' ಅಂತ ಒಬ್ಬರು, 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಇನ್ನೊಬ್ಬರು. 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಎದುರು ಸಾಲಿನಲ್ಲೇ ಅದೇ ಹೆಸರಿನ ಇನ್ನೊಂದು ಹೋಟ್ಲು ಏಳುತ್ತದೆ. ನಿನ್ನೆವರೆಗೆ ಒಟ್ಟಿಗೆ ತೆಂಗಿನಕಾಯಿ ತುರಿದ ಓರಗಿತ್ತಿಯರು ಮದುವೆಮನೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗ್ತಾರೆ.

'ನಾವು ಮೈಸೂರಲ್ಲಿ, ಬೆಂಗಳೂರಲ್ಲಿ ಇರೋರು, ನಮಗೇನು ಇದರ ಸಂಬಂಧ?' ಅಂತೀರಾ? ನಿಮ್ಮಲ್ಲಿ ಎಷ್ಟು ಜನರ ತವರಿನಲ್ಲಿ ಇಂಥ ಒಂದು ಹೋಟ್ಲೋ, ಬೇಕರಿಯೋ ಇಲ್ಲ? ನಾದಿನಿ ಜೊತೆ ಸೇರಿ ಹೋಳಿಗೆ, ಚಟ್ನಿಪುಡಿ, ಊಟದ ಡಬ್ಬಿ ಮಾಡಿಕೊಡುತ್ತಿರುವವರು ಎಷ್ಟಿಲ್ಲ? ಈ ಮಾತು ಅವರೆಲ್ಲರಿಗೂ.

ಹೆಸರಿಗೆ ಎಷ್ಟು ಬೆಲೆ ಗೊತ್ತಾ?

ಮೈಸೂರಿನ ನಜರಬಾದಿಗೆ ಹೋಗಿ ಮೈಲಾರಿ ದೋಸೆ ತಿಂದಿದ್ದೀರಾ? 1938ರಿಂದ ಹೆಸರು ಮಾಡಿರುವ ಹೋಟ್ಲು. ಹತ್ತಿಯಂಥ ಮೆತ್ತನೆ ದೋಸೆ, ಮೇಲೊಂದು ಮುದ್ದೆ ಬೆಣ್ಣೆ, ಒಳಗೆ ಸಾಗು. ಆದರೆ ಹೊಸಬರಿಗೆ ಅಲ್ಲಿ ಒಂದು ಗಲಿಬಿಲಿ. ಅದೇ ರಸ್ತೆಯಲ್ಲಿ ಮೈಲಾರಿ ಹೆಸರಿನ ಎರಡು ಹೋಟ್ಲು, ಎರಡರ ಬೋರ್ಡಿನಲ್ಲೂ 'ಒರಿಜಿನಲ್' ಅನ್ನೋ ಪದ! ಒಂದೇ ಮನೆತನದ ಕವಲುಗಳು ಅಂತ ಮೈಸೂರಿನವರು ಹೇಳ್ತಾರೆ. ಎರಡರಲ್ಲೂ ಜನ ಕಾದು ನಿಂತು ತಿನ್ನುತ್ತಾರೆ ಅನ್ನೋದು ಬೇರೆ ಮಾತು. ಎಲ್ಲರಿಗೂ ಆ ಅದೃಷ್ಟ ಇರೋದಿಲ್ಲ.

ಬೆಂಗಳೂರಿನ ಎಂ.ಟಿ.ಆರ್. ನೋಡಿ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ್ದು. 1990ರ ದಶಕದಲ್ಲಿ ಹೋಟೆಲ್ ಕುಟುಂಬದ ಒಂದು ಕವಲಿಗೆ, ಪುಡಿ-ಮಿಕ್ಸುಗಳ ವ್ಯಾಪಾರ ಇನ್ನೊಂದು ಕವಲಿಗೆ ಅಂತ ಪಾಲಾಯಿತು. ಯಾರು ಏನು ಮಾಡಬೇಕು ಅನ್ನೋದು ಬೇರೆ ಬೇರೆಯಾದ್ದರಿಂದ ಎರಡೂ ಬೆಳೆದವು. ಮಿಕ್ಸುಗಳ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲ್ ಕಡೆ ತಂದೆ ತೀರಿಕೊಂಡ ಮೇಲೆ ಮಗಳು ಹೇಮಮಾಲಿನಿ ಮಯ್ಯ ತಮ್ಮಂದಿರ ಜೊತೆ ಜವಾಬ್ದಾರಿ ಹೊತ್ತರು. ಹೆಣ್ಣುಮಗಳು ಬರೀ ಅಡುಗೆಮನೆಗಲ್ಲ, ಆಡಳಿತಕ್ಕೂ ಸೈ ಅಂತ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಕಾನೂನು ಏನನ್ನುತ್ತೆ?

ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ನಮ್ಮ ರಾಜ್ಯ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನ ಸ್ವಂತ ದುಡಿಮೆಯ ಆಸ್ತಿಯಾದರೆ ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಬರೆಯದೆ ಹೋದರೆ ಅಲ್ಲೂ ಮಗಳಿಗೆ ಸಮಪಾಲು.

ಸೊಸೆಯ ಕಥೆ ಬೇರೆ. ಗಂಡ ಬದುಕಿರುವಾಗ ಮಾವನ ಆಸ್ತಿಯಲ್ಲಿ ಸೊಸೆಗೆ ತನ್ನದೇ ಆದ ಪಾಲು ಇಲ್ಲ. ಇಪ್ಪತ್ತು ವರ್ಷ ಒಲೆ ಮುಂದೆ ಬೆವರು ಸುರಿಸಿದ್ದರೂ ಪಾಲು ಮಾಡುವ ದಿನ 'ನಿನ್ನದೇನು?' ಅಂದರೆ ತೋರಿಸೋಕೆ ಒಂದು ಕಾಗದ ಇರೋದಿಲ್ಲ. ಹೋಟ್ಲು ಒಡೆದಾಗ ಹೆಚ್ಚು ಸೋಲೋದು ಅವಳೇ. ಅದಕ್ಕೇ ಎಲ್ಲರೂ ನಗುನಗುತ್ತಾ ಇರುವಾಗಲೇ ಈ ಕೆಲಸ ಮಾಡಿ.

ಇವಿಷ್ಟನ್ನು ಮರೆಯಬೇಡಿ

* ದುಡಿಯುವವರೆಲ್ಲ ಪಾಲುದಾರರಾಗಲಿ. ಪಾಲುದಾರಿಕೆ ಪತ್ರ ಬರೆಸಿ. ಯಾರ ಪಾಲು ಎಷ್ಟು, ಯಾರು ಬಂಡವಾಳ ಹಾಕಿದ್ದಾರೆ, ಯಾರು ಯಾವ ಕೆಲಸ ನೋಡ್ತಾರೆ, ಒಬ್ಬರು ಬಿಟ್ಟು ಹೋದರೆ ಏನು ಕೊಡಬೇಕು ಎಲ್ಲ ಅದರಲ್ಲಿರಲಿ. ಅದನ್ನು ನೋಂದಣಿಯೂ ಮಾಡಿಸಿ. ನೋಂದಣಿ ಇಲ್ಲದಿದ್ದರೆ ನಾಳೆ ಕರಾರಿನ ಹಕ್ಕನ್ನು ಕೋರ್ಟಿನಲ್ಲಿ ಸಾಧಿಸೋದು ಕಷ್ಟ.

* ಹೆಸರು ಯಾರದ್ದು ಅಂತ ಬರೆಯಿರಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಅಂಗಡಿಯ ಒಳ್ಳೆ ಹೆಸರು, ಅಂದರೆ ಗುಡ್‌ವಿಲ್ ಕೂಡ ಎಲ್ಲ ಪಾಲುದಾರರ ಆಸ್ತಿಯೇ. ಮುಂದೆ ಬೇರೆಯಾದರೆ ಆ ಹೆಸರನ್ನು ಯಾರು ಇಟ್ಟುಕೊಳ್ಳಬೇಕು ಅನ್ನೋದನ್ನೂ ಈಗಲೇ ತೀರ್ಮಾನಿಸಿ. ಸಾಧ್ಯವಾದರೆ ಟ್ರೇಡ್‌ಮಾರ್ಕ್ ಮಾಡಿಸಿ. ಒಮ್ಮೆ ಮಾಡಿಸಿದರೆ 10 ವರ್ಷ, ಆಮೇಲೆ ನವೀಕರಿಸುತ್ತಾ ಹೋಗಬಹುದು. ನೆನಪಿಡಿ, ಟ್ರೇಡ್‌ಮಾರ್ಕ್ ಹೆಸರಿಗೆ ಮಾತ್ರ, ನಿಮ್ಮ ಸಾಂಬಾರ್ ಪುಡಿಯ ಅಳತೆಗಲ್ಲ.

* ಲೈಸೆನ್ಸ್ ಯಾರ ಹೆಸರಲ್ಲಿದೆ ನೋಡಿ. ತಿಂಡಿ ಮಾರುವವರು ಮನೆಯಿಂದಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸ್ ಪಡೆಯಬೇಕು. ಕೇಂದ್ರ ಸರ್ಕಾರದ 'ಉದ್ಯಮ್' ನೋಂದಣಿ 2020ರಲ್ಲಿ ಬಂತು, ಅದಕ್ಕೆ ಶುಲ್ಕವಿಲ್ಲ. ಅಡುಗೆ ನಿಮ್ಮದಾದರೆ ಈ ಕಾಗದಗಳಲ್ಲೂ ನಿಮ್ಮ ಹೆಸರಿರಲಿ.

* ಗಲ್ಲಾ ಬೇರೆ, ಮನೆ ಖರ್ಚು ಬೇರೆ. ಗಲ್ಲಾದಿಂದ ಮಗುವಿನ ಸ್ಕೂಲ್ ಫೀಸು, ತರಕಾರಿ ಅಂತ ತೆಗೆಯೋ ಅಭ್ಯಾಸದಿಂದಲೇ ಅನುಮಾನ ಶುರು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ. ಪ್ರತಿಯೊಬ್ಬರಿಗೂ ತಿಂಗಳಿಗಿಷ್ಟು ಅಂತ ಸಂಬಳ ಇರಲಿ, ಸೊಸೆಗೂ! ಅದು ಅವಳ ಖಾತೆಗೇ ಹೋಗಲಿ.

* ತಿಂಗಳಿಗೊಮ್ಮೆ ಎಲ್ಲರೂ ಕೂತು ಲೆಕ್ಕ ನೋಡಿ. ಕಾಫಿ ಕುಡಿಯುತ್ತಾ ಅರ್ಧ ಗಂಟೆ ಸಾಕು. ಲೆಕ್ಕ ಕೇಳೋದು ಅನುಮಾನ ಅಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ರೂಢಿಯಾಗಲಿ.

ಜಗಳ ಆಗೇ ಹೋಗಿದ್ರೆ?

ಮೊದಲಿಗೆ, ಗಿರಾಕಿಗಳ ಮುಂದೆ ಇನ್ನೊಂದು ಕಡೆಯವರನ್ನು ಬೈಯಬೇಡಿ. ಚಿಕ್ಕ ಊರಲ್ಲಿ ಮಾತು ಕಾಲು ಕಟ್ಟಿಕೊಂಡು ಓಡುತ್ತೆ. ಮಕ್ಕಳನ್ನು ಇದರಲ್ಲಿ ಎಳೆಯಬೇಡಿ. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಒಂದೇ ಸ್ಕೂಲಿಗೆ ಹೋಗೋರು, ಅವರ ಸ್ನೇಹ ಹಾಗೇ ಇರಲಿ. ಗಂಡಸರು ಮಾತು ಬಿಟ್ಟರೂ ನೀವು ಓರಗಿತ್ತಿಗೆ ಒಂದು ಫೋನ್ ಮಾಡಿ. ಎಷ್ಟೋ ಮನೆಗಳಲ್ಲಿ ರಾಜಿ ಶುರುವಾಗೋದು ಹೆಂಗಸರ ಮಾತಿನಿಂದಲೇ.

ಮಾತಿಗೆ ಬಗ್ಗದಿದ್ದರೆ ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೀಗೆ ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕ ಇಲ್ಲ, ಆ ತೀರ್ಮಾನದ ಮೇಲೆ ಅಪೀಲು ಹೋಗುವಂತೆಯೂ ಇಲ್ಲ. ವರ್ಷಗಟ್ಟಲೆ ಅಲೆಯೋದಕ್ಕಿಂತ ಇದು ಎಷ್ಟೋ ಮೇಲು.

ಧಾರಾವಾಹಿಯಲ್ಲಿ ಐನೂರು ಎಪಿಸೋಡ್ ಜಗಳ ನಡೆದರೂ ಕೊನೆ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಹಾಗೆ ಒಂದೇ ದಿನದಲ್ಲಿ ಸರಿಮಾಡೋ ನಿರ್ದೇಶಕರಿಲ್ಲ ನೋಡಿ! ಈ ಭಾನುವಾರ ತವರಿಗೆ ಫೋನ್ ಮಾಡಿದಾಗ 'ಅಪ್ಪಾ, ಹೋಟ್ಲು ಕಾಗದ ಯಾರ ಹೆಸರಲ್ಲಿದೆ? ಅತ್ತಿಗೆ ಹೆಸರೂ ಹಾಕಿಸಿದ್ದೀರಾ?' ಅಂತ ಒಂದು ಮಾತು ಕೇಳಿ. ಅತ್ತಿಗೆ ಬಾಯಿ ಬಿಟ್ಟು ಹೇಳದಿದ್ದರೂ ನಿಮ್ಮನ್ನು ನೆನೆಯುತ್ತಾಳೆ.