ನಡೆದು ನೋಡುವ ಬೆಂಗಳೂರು: ನಾವು ಹೇಗೆ ಸಿದ್ಧರಾಗಬೇಕು?



ಈ ಸಲ ನಮ್ಮ ಏಳನೇ ತರಗತಿ ಬೆಂಗಳೂರನ್ನು ನಡೆದು ನೋಡಬೇಕೆಂದಿದೆ. ಜೊತೆಗೆ ವಿಷಯ ತಿಳಿದ ಒಬ್ಬ ಮಾರ್ಗದರ್ಶಕರು ಇರುತ್ತಾರೆ. "ನಡೆಯೋಕೆ ಬೆಂಗಳೂರೇ ಬೇಕಾ, ಹೊಲಕ್ಕೆ ಹೋದ್ರೆ ಸಾಲದಾ?" ಅಂತ ಕೆಲವರು ನಕ್ಕರು. ಆದರೆ ಹಳೇ ಪೇಟೆಯ ಬೀದಿಗಳು ಇಕ್ಕಟ್ಟು. ಪ್ರವಾಸದ ಬಸ್ಸು ಅಲ್ಲಿ ನುಗ್ಗುವುದಿಲ್ಲ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳಲ್ಲೇ ಹಿಂದಿನವರ ಕಸುಬು ಗೊತ್ತಾಗುತ್ತದೆ.

ದಾರಿ ಆರಿಸುವಾಗ ಮೂರು ವಿಷಯ ನೋಡಬೇಕು.

1. ದೂರ: ನಮ್ಮ ತರಗತಿಯಲ್ಲಿ ಒಬ್ಬಳಿಗೆ ಹೆಚ್ಚು ನಡೆಯಲು ಆಗುವುದಿಲ್ಲ. ಅವಳನ್ನು ಬಿಟ್ಟು ಹೋಗುವ ಪ್ರವಾಸ ನಮಗೆ ಬೇಡ. ಅದಕ್ಕೆ ಕೋಟೆಯ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದನು. 1791ರಲ್ಲಿ ಬ್ರಿಟಿಷರು ಅದನ್ನು ಹಿಡಿದರು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಸ್ವಲ್ಪ ಗೋಡೆ ಮಾತ್ರ. ಅದು ಕೆ.ಆರ್. ಮಾರುಕಟ್ಟೆಯ ಹತ್ತಿರವೇ ಇದೆ. ಅಲ್ಲಿಂದ ಸ್ವಲ್ಪ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಪಕ್ಕದಲ್ಲೇ ಟಿಪ್ಪುವಿನ ಮರದ ಅರಮನೆ.

2. ಖರ್ಚು: ಅರಮನೆಗೆ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮಾರ್ಗದರ್ಶಕರಿಗೆ ಎಷ್ಟು ಕೊಡಬೇಕು, ತಲೆಗೆ ಇಷ್ಟಾ ಅಥವಾ ಗುಂಪಿಗೆ ಇಷ್ಟಾ ಅಂತ ಮೊದಲೇ ಕೇಳಬೇಕು. ದುಡ್ಡಿಲ್ಲ ಅಂತ ಯಾರೂ ಮನೆಯಲ್ಲಿ ಉಳಿಯಬಾರದು.

3. ಭಾಷೆ: ಅವರು ಇಂಗ್ಲಿಷಿನಲ್ಲೇ ಹೇಳಿದರೆ ನಾವು ಸುಮ್ಮನೆ ತಲೆಯಾಡಿಸಿ ಬರಬೇಕಾಗುತ್ತದೆ. ಕನ್ನಡದಲ್ಲಿ ಹೇಳುವವರನ್ನೇ ಕೇಳಿ ಗೊತ್ತು ಮಾಡಬೇಕು.

ಇನ್ನು ಸಿದ್ಧತೆ. ಹೊಸ ಚಪ್ಪಲಿ ಬೇಡ, ಕಾಲು ಕಡಿಯುತ್ತದೆ. ನೀರಿನ ಬಾಟಲಿ, ಬುತ್ತಿ, ಟೋಪಿ ಇರಲಿ. ಮಾರುಕಟ್ಟೆಯಲ್ಲಿ ಜನ ಜಾಸ್ತಿ, ಇಬ್ಬಿಬ್ಬರು ಜೋಡಿಯಾಗಿ ನಡೆಯೋಣ. ಟೀಚರ್ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ತನ್ನಿ. ಪ್ರಶ್ನೆ ಇದ್ದವರಿಗೆ ಕಿವಿ ಚುರುಕಾಗಿರುತ್ತದೆ. ನನ್ನ ಪ್ರಶ್ನೆ ಇದು: ನಮ್ಮ ಕಡೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅದೇ ನೂಲು ಸೀರೆಯಾಗಿ ಚಿಕ್ಕಪೇಟೆಯ ಅಂಗಡಿಗೆ ಬರುವಷ್ಟರಲ್ಲಿ ಎಷ್ಟು ಜನರ ಕೈ ದಾಟಿರುತ್ತದೆ?

ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಪ್ರಶ್ನೆಗಳನ್ನು ಅದರಲ್ಲಿ ಬರೆಯಿರಿ.

– 7ನೇ ತರಗತಿ, ಮರಳವಾಡಿ