ಕೊಡವಿದ ಕೈ, ಮರಳಿದ ಜೋಮು

ರಾತ್ರಿ ಎರಡೋ ಮೂರೋ ಗಂಟೆಗೆ ಎಚ್ಚರವಾಗುತ್ತದೆ. ಕೈ ಮರಗಟ್ಟಿದೆ, ಬೆರಳುಗಳಲ್ಲಿ ಸೂಜಿ ಚುಚ್ಚಿದ ಹಾಗೆ ಜುಮುಜುಮು. ಎದ್ದು ಕೂತು, ಥರ್ಮಾಮೀಟರಿನ ಪಾದರಸ ಇಳಿಸುವವರಂತೆ ಕೈಯನ್ನು ನಾಲ್ಕು ಸಲ ಕೊಡವಿದರೆ ಜೀವ ಬರುತ್ತದೆ. ಕಾರ್ಪಲ್ ಟನೆಲ್ ಸಿಂಡ್ರೋಮ್ ಇರುವವರಿಗೆ ಈ ಕೊಡವುವಿಕೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಬಾಸ್ಟನ್ನಿನ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್ 1880ರಲ್ಲಿ ಇಂಥ 37 ರೋಗಿಗಳ ಬಗ್ಗೆ ಬರೆದಾಗ ಅವರೂ ಇದನ್ನೇ ಹೇಳಿದ್ದರು: ರಾತ್ರಿ ಜೋಮು, ಕೈ ಜೋತುಬಿಟ್ಟರೆ, ಕೊಡವಿದರೆ, ತಿಕ್ಕಿದರೆ ಆರಾಮ. ಅವರಲ್ಲಿ ಹೆಚ್ಚಿನವರು ಹೆಂಗಸರು. ಇದು ಕಂಪ್ಯೂಟರ್ ತಂದ ಕಾಯಿಲೆ ಎಂದು ಇಂದಿಗೂ ಹೇಳುವವರು ಆ ಇಸವಿಯನ್ನೊಮ್ಮೆ ನೋಡಬೇಕು.

ಪಟ್ನಮ್ ಲಕ್ಷಣವನ್ನು ಸರಿಯಾಗಿ ಹಿಡಿದರು, ಜಾಗವನ್ನು ಹಿಡಿಯಲಿಲ್ಲ. ನರಕ್ಕೆ ರಕ್ತ ಹರಿಯುವುದರಲ್ಲಿ ಏನೋ ಏರುಪೇರು ಎಂಬುದು ಅವರ ಊಹೆ. ತಮಾಷೆಯೆಂದರೆ ಜಾಗ ಆಗಲೇ ಗೊತ್ತಾಗಿತ್ತು. ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್ 1850ರ ದಶಕದಲ್ಲೇ, ಮಣಿಕಟ್ಟಿನ ಬಳಿ ಮುರಿದ ಮೂಳೆ ಅತಿಯಾಗಿ ಬೆಳೆದು ನರವನ್ನು ಒತ್ತಿದ, ಬೆರಳುಗಳಲ್ಲಿ ಹುಣ್ಣಾದ ಒಬ್ಬ ರೋಗಿಯನ್ನು ವರ್ಣಿಸಿದ್ದರು. ನರದ ಮೇಲಿನ ಒತ್ತಡ ಸಡಿಲವಾಗುವಂತೆ ಮಣಿಕಟ್ಟನ್ನು ಕಟ್ಟಿಟ್ಟ ಮೇಲೆ ಹುಣ್ಣು ಮಾಯಿತು. ಆದರೆ ಅದು ಮೂಳೆ ಮುರಿದವನ ಕಥೆ. ಏಟೂ ಬೀಳದೆ, ಮೂಳೆಯೂ ಮುರಿಯದೆ ರಾತ್ರಿ ಏಳುವ ಹೆಂಗಸಿಗೂ ಅವನಿಗೂ ನಂಟಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಹಲವು ದಶಕ ವೈದ್ಯರು ಕುತ್ತಿಗೆಯಲ್ಲಿ ಹುಡುಕಿದರು. ಕೆಲವರಿಗೆ ಹುಟ್ಟಿನಿಂದಲೇ ಕುತ್ತಿಗೆಯ ಬುಡದಲ್ಲಿ ಹೆಚ್ಚುವರಿ ಪಕ್ಕೆಲುಬು ಇರುತ್ತದೆ, ಅದೇ ನರವನ್ನು ಒತ್ತುತ್ತಿದೆ ಎಂದು ಎಲುಬು ತೆಗೆದರು. ಕೈ ಜೋಮಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆ! ಅದೇ ಕಾಲದಲ್ಲಿ, 1913ರಲ್ಲಿ, ಪ್ಯಾರಿಸ್ಸಿನ ಪಿಯರ್ ಮಾರಿ ಮತ್ತು ಶಾರ್ಲ್ ಫುವಾ 80 ವರ್ಷದ ಮುದುಕಿಯೊಬ್ಬಳ ಶವಪರೀಕ್ಷೆಯಲ್ಲಿ ಉತ್ತರ ಕಂಡಿದ್ದರು. ಎರಡೂ ಹೆಬ್ಬೆರಳ ಬುಡದ ಮಾಂಸ ಕರಗಿತ್ತು. ಮಣಿಕಟ್ಟಿನ ಅಡ್ಡಪಟ್ಟಿಗಿಂತ ತುಸು ಮೊಣಕೈ ಕಡೆಗೆ ನರ ಗಂಟಿನಂತೆ ಊದಿತ್ತು, ಪಟ್ಟಿಯ ಅಡಿಯಲ್ಲಿ ಸಣಕಲಾಗಿತ್ತು. ಮೊದಲೇ ತಿಳಿದಿದ್ದರೆ ಆ ಪಟ್ಟಿಯನ್ನು ಕತ್ತರಿಸಿ ಇದನ್ನು ತಡೆಯಬಹುದಿತ್ತೇನೋ ಎಂದು ಅವರು ಬರೆದೇಬಿಟ್ಟರು. ಓದಿದವರು ಕಡಿಮೆ.

ಆ ಪಟ್ಟಿಯ ಕೆಳಗಿನ ಜಾಗವನ್ನು, ಅಂದರೆ ಕಾರ್ಪಲ್ ಟನೆಲನ್ನು, ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಎಂಟು ಪುಟ್ಟ ಮೂಳೆಗಳು ಕಮಾನಾಗಿ ನಿಂತು ನೆಲ, ಗೋಡೆ ಎರಡೂ ಆಗಿವೆ; ಪಟ್ಟಿಯೇ ಮಾಡು. ಒಳಗೆ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ನಡುವೆ ಮೀಡಿಯನ್ ನರ. ರಜ್ಜುಗಳ ಹೊದಿಕೆ ಚೂರು ಊದಿಕೊಂಡರೂ ಸಾಕು, ಮೂಳೆ ಜರುಗುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ, ನಲುಗುವುದು ನರ. ಬಸಿರು, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಸಂಧಿವಾತ, ವರ್ಷಗಟ್ಟಲೆ ಅದುರುವ ಯಂತ್ರ ಹಿಡಿದು ಮಾಡುವ ಕೆಲಸ, ಎಲ್ಲವೂ ಈ ಇಕ್ಕಟ್ಟಿಗೇ ಬಂದು ಸೇರುತ್ತವೆ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುವುದರಿಂದ ಅದು ಪಾರು.

ಕತ್ತರಿಸುವ ಧೈರ್ಯ ನಿಧಾನವಾಗಿ ಬಂತು. ಕೆನಡಾದ ವಿನಿಪೆಗ್‌ನಲ್ಲಿ 1924ರಲ್ಲಿ ಹರ್ಬರ್ಟ್ ಗ್ಯಾಲೊವೇ, ಆಮೇಲೆ 1933ರಲ್ಲಿ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲಿಯರ್ಮಂತ್ ವರದಿ. 1947ರಲ್ಲಿ ರಸೆಲ್ ಬ್ರೇನ್ ಮತ್ತು ಸಂಗಡಿಗರು ಆರು ಮಹಿಳೆಯರ ವಿವರವನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಕುತ್ತಿಗೆಯತ್ತ ನೆಟ್ಟ ಕಣ್ಣು ಮಣಿಕಟ್ಟಿಗೆ ಇಳಿಯಿತು. ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್ 1950ರಿಂದ ಇದನ್ನು ಮನೆಮಾತಾಗಿಸಿದರು. ಮಣಿಕಟ್ಟು ಮಡಿಸಿ ಒಂದು ನಿಮಿಷ ಕಾಯುವ ಪರೀಕ್ಷೆಗೆ ಅವರದೇ ಹೆಸರು. 1980ರ ದಶಕದ ಕೊನೆಗೆ ಜಪಾನಿನ ಒಕುತ್ಸು, ಅಮೆರಿಕದ ಚೌ ಎಂಡೋಸ್ಕೋಪ್ ತೂರಿಸಿ ಸಣ್ಣ ಗಾಯದಲ್ಲೇ ಕೆಲಸ ಮುಗಿಸಿದರು. ಹೆಚ್ಚಿನವರಿಗೆ ಇದು ಅಷ್ಟೇ ಸರಳ: ಪಟ್ಟಿ ಸೀಳಿದರೆ ನಿದ್ದೆ ವಾಪಸ್.

ಕೆಲವರಿಗೆ ಜೋಮೂ ವಾಪಸ್ ಬರುತ್ತದೆ. ಆಗ ವೈದ್ಯರು ನೂರು ವರ್ಷದ ಈ ಹುಡುಕಾಟವನ್ನೇ ಮತ್ತೆ ಮೊದಲಿನಿಂದ ನಡೆಯಬೇಕು ಎನ್ನುವುದು ನನಗೆ ಕುತೂಹಲದ ವಿಷಯ. ಪಟ್ಟಿ ಪೂರ್ತಿ ಸೀಳಿತ್ತೇ? ಅಂಚಿನಲ್ಲಿ ನಾಲ್ಕು ಎಳೆ ಉಳಿದರೂ ಒತ್ತಡ ಉಳಿಯುತ್ತದೆ. ಅಥವಾ ತೊಂದರೆ ನಿಜಕ್ಕೂ ಕುತ್ತಿಗೆಯಲ್ಲಿತ್ತೇ? ಹಳೆಯ ವೈದ್ಯರು ಸಂಪೂರ್ಣ ತಪ್ಪಿರಲಿಲ್ಲ. ಕುತ್ತಿಗೆಯಲ್ಲಿ ಒಮ್ಮೆ ಅದುಮಿಸಿಕೊಂಡ ನರ ಮಣಿಕಟ್ಟಿನ ಒತ್ತಡಕ್ಕೂ ಬೇಗ ಸೋಲುತ್ತದೆಂದು 1973ರಲ್ಲಿ ಅಪ್ಟನ್ ಮತ್ತು ಮೆಕೋಮಸ್ ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಮೂರನೆಯದು ಗಾಯದ ಕಲೆ. ಬೆರಳು ಆಡಿದಂತೆಲ್ಲ ನರ ಜಾರಬೇಕು. ಒಳಗಿನ ಕಲೆಗೆ ಅಂಟಿಕೊಂಡ ನರ ಜಾರದೆ ಜಗ್ಗುತ್ತದೆ. ಮರುಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಬಿಡಿಸಿ, ಕಿರುಬೆರಳ ಬುಡದ ಕೊಬ್ಬನ್ನು ಎಳೆದು ಕೌದಿಯಂತೆ ಹೊದಿಸುವುದುಂಟು. ಮೊದಲ ಸಲದಷ್ಟು ಖಾತರಿಯ ಫಲ ಎರಡನೆಯ ಸಲ ಸಿಗುವುದಿಲ್ಲ.

ಡಯಾಲಿಸಿಸ್ ರೋಗಿಗಳದು ಬೇರೆಯೇ ಕಥೆ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರ ಮಣಿಕಟ್ಟಿನಿಂದ ತೆಗೆದ ಅಂಗಾಂಶದಲ್ಲಿ, ಹಳೆಯ ಡಯಾಲಿಸಿಸ್ ಸರಿಯಾಗಿ ಸೋಸಲಾರದ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಗಟ್ಟಿಯಾಗಿ ಕೂತಿರುವುದನ್ನು 1985ರಲ್ಲಿ ಜಪಾನಿನ ಗೆಜ್ಯೊ ತಂಡ ಗುರುತಿಸಿತು. ಪಟ್ಟಿ ಸೀಳಿದರೂ ಪ್ರೋಟೀನ್ ಕೂರುವುದು ನಿಲ್ಲದ ಕಾರಣ ಜೋಮು ಮರಳುತ್ತಿತ್ತು. ಇಂಥದೇ ಇನ್ನೊಂದು ಪ್ರೋಟೀನ್, ಟ್ರಾನ್ಸ್‌ಥೈರೆಟಿನ್, ವಯಸ್ಸಾದವರ ಹೃದಯದಲ್ಲಿ ಕೂರುವುದಕ್ಕೆ ವರ್ಷಗಳ ಮೊದಲೇ ಎರಡೂ ಮಣಿಕಟ್ಟುಗಳಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿ ಅನುಮಾನ ಬಂದರೆ ಸರ್ಜನ್ನರು ಈಗ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಸ್ಕ್ಯಾನ್, ನರದ ವೇಗದ ಪರೀಕ್ಷೆ ಎಲ್ಲ ಇವೆ. ಆದರೂ ಮತ್ತೆ ಜೋಮು ಎಂದು ಬಂದವರನ್ನು ಕೈ ತಜ್ಞರು ಮೊದಲು ಕೇಳುವುದು ಪಟ್ನಮ್ ಕಾಲದ ರಾತ್ರಿಗಳ ಬಗ್ಗೆಯೇ: "ಆಪರೇಷನ್ ಆದ್ಮೇಲೆ ಒಂದಷ್ಟು ತಿಂಗಳಾದ್ರೂ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತಾ?" ಬಂದಿತ್ತು ಎಂದರೆ ಕಾಯಿಲೆ ಮರಳಿದೆ. ಇಲ್ಲ ಎಂದರೆ ಅದು ಹೋಗಿಯೇ ಇರಲಿಲ್ಲ, ಹಳೆಯ ಫೈಲನ್ನು ಮೊದಲ ಪುಟದಿಂದ ತಿರುವಬೇಕು.